ಹೆರಿಗೆಯ ದಿನಾಂಕ ಎಂಬ ಕಾಲಂ

ಮಾನ್ವಿ,
30 ಜುಲೈ, ಪಂಚಮಿಯ ಮರುದಿನ

ಪೂಜ್ಯ ಅತ್ತೆಯವರಿಗೆ ವೃಂದಾಳ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಆದೋನಿಯ ಮಗಳ ಮನೆಯಲ್ಲಿ ಮೆಟ್ಟಿಲು ಬಹಳ, ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ಪಂಚಮಿಗೆ ಸೊಸೆ ತವರಿಗೆ ಹೋಗುವುದು ಲೋಕದ ವಾಡಿಕೆ. ನಮ್ಮಲ್ಲಿ ಮಾತ್ರ ಹಬ್ಬಕ್ಕೆ ತಿಂಗಳ ಮೊದಲೇ ಅತ್ತೆ ಮುನಿಸಿಕೊಂಡು ಮಗಳ ಮನೆಗೆ ಹೋದರು. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಅಂಗಡಿಯವನು ಪುಟಾಣಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ನೀವು ಇದನ್ನು ಓದದೆ ಇಡುವವರಲ್ಲ.

ಮೊದಲು ಸುದ್ದಿ. ನಾನು ಗೆದ್ದೆ. ರಜೆ ಮಂಜೂರಾಯಿತು, ಅದೂ ಪೂರ್ತಿ ಸಂಬಳದೊಡನೆ. ಮಗು ಮನೆಗೆ ಬಂದು ಇಂದಿಗೆ ಹನ್ನೆರಡು ದಿನ. ಹೆಸರು ಬಂಡೆಮ್ಮ, ಆರು ವರ್ಷ, ದೇವದುರ್ಗದ ಕಡೆಯ ಕೂಲಿ ಮನೆತನ. ತಾಯಿ ಇಲ್ಲ, ತಂದೆ ರಾಯಚೂರಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದಾನೆ. ಅವನು ಎದ್ದು ನಿಂತ ದಿನ ಇವಳನ್ನು ಅವನಿಗೆ ಒಪ್ಪಿಸಬೇಕು. ಅದು ನನಗೂ ಗೊತ್ತು.

ನೀವು ಹೊರಟ ಮೇಲೆ ಆದದ್ದು ಕೇಳಿ. ಮಗುವನ್ನು ಒಪ್ಪಿಸುವ ಮಕ್ಕಳ ಕಲ್ಯಾಣ ಸಮಿತಿಯವರು ಕೇಳಿದ್ದು ಒಂದೇ: ಹಗಲೆಲ್ಲ ಮಗುವಿನ ಜೊತೆ ಯಾರಿರುತ್ತಾರೆ? ನಿಮ್ಮ ಮಗ ಬೆಳಗಾದರೆ ಸಿರವಾರದ ಶಾಲೆಗೆ, ನಾನು ಕಚೇರಿಗೆ. ರಜೆ ಸಿಗದಿದ್ದರೆ ಮಗುವೂ ಇಲ್ಲ ಎಂದರು. ಪೋಷಕತ್ವದಲ್ಲಿ, ಅಂದರೆ ದತ್ತು ಅಲ್ಲದೆ ಸ್ವಲ್ಪ ಕಾಲ ಸಾಕಲು, ಮಗುವನ್ನು ಮನೆಗೆ ತರುವ ಸರ್ಕಾರಿ ನೌಕರರಿಗೂ ರಜೆ ಉಂಟೆಂಬ ಆದೇಶ ಬಂದಿತ್ತು, ಅರ್ಜಿ ಹಾಕಿದೆ. ಹದಿನಾಲ್ಕು ವರ್ಷದಿಂದ ನಮ್ಮ ಕಚೇರಿಯ ರಜೆ ಕಡತಗಳೆಲ್ಲ ನನ್ನ ಮೇಜಿಗೇ ಬರುವುದು. ಎಷ್ಟೋ ಹೆಂಗಸರ ಹೆರಿಗೆ ರಜೆಗೆ ಟಿಪ್ಪಣಿ ಬರೆದ ಕೈ ಇದು. ಬರೆದು ಮನೆಗೆ ಬಂದು ಬಚ್ಚಲಲ್ಲಿ ಅತ್ತದ್ದೂ ಉಂಟು. ಆದರೆ ನನ್ನ ಕಡತವನ್ನು ನಾನೇ ಮಂಡಿಸುವಂತಿಲ್ಲ. ಅದು ಪಕ್ಕದ ಮೇಜಿನ ಜಮೀರ್ ಅವರಿಗೆ ಹೋಯಿತು, ಮರುದಿನವೇ ತಿರುಗಿ ಬಂತು. ‘ಹೆರಿಗೆಯ ದಿನಾಂಕ’ ಕಾಲಂ ಖಾಲಿಯಂತೆ. ಆ ನಮೂನೆ ಮಾಡಿದವಳು ನಾನೇ, ಖಾಲಿ ಬಿಟ್ಟವರನ್ನು ಗದರಿಸಿ ಕಳಿಸಿದವಳೂ ನಾನೇ. “ಮೇಡಂ, ಒಂದು ಕಾಲಂ ಖಾಲಿ ಇದ್ರೂ ತಗೋಬ್ಯಾಡ ಅಂತ ನೀವೇ ಹೇಳಿಕೊಟ್ಟೀರಿ,” ಎಂದು ಪಾಪ ಆ ಮನುಷ್ಯ ನೆಲ ನೋಡುತ್ತ ನಿಂತರು. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ.

ಸಿಟ್ಟು ನೆತ್ತಿಗೇರಿತು. ಆ ಎರಡು ಪದಗಳನ್ನು ಹೊಡೆದುಹಾಕಿ, ‘ಮಗು ಮನೆಗೆ ಬರುವ ದಿನ’ ಎಂದು ಬರೆದು, ಮುಂದಿನ ಶುಕ್ರವಾರದ ತಾರೀಖು ಹಾಕಿ ಸಾಹೇಬರ ಮುಂದೆ ಹಿಡಿದೆ. ಅವರು ಆದೇಶವನ್ನು ಎರಡು ಸಲ ಓದಿ ಸಹಿ ಹಾಕಿದರು. ಈಗ ನಮೂನೆಯೇ ಬದಲಾಗಿದೆ. ಜಮೀರ್ ಹೊಸದನ್ನು ಗೋಡೆಗೆ ಅಂಟಿಸಿದ್ದಾರೆ. ಹಿಗ್ಗು ತಡೆಯಲಾಗದೆ ದಾರಿಯಲ್ಲಿ ತರಕಾರಿಯವಳಿಗೂ ಹೇಳಿಬಿಟ್ಟೆ.

ಕೂಲಿಯವರ ಮಗು ಅಡುಗೆಮನೆಗೆ ಬಂದರೆ ಮಡಿ ಕೆಡುತ್ತದೆ ಎಂದು ನೀವು ಹೊರಟಿರಿ. ಮಡಿ ಬರೀ ನೆಪ, ಅತ್ತೆ. ಹೊಸ್ತಿಲಲ್ಲಿ ನೀವು ಮೆಲ್ಲಗೆ ಅಂದದ್ದೇ ನಿಜ: “ನಾಳೆ ತಿರುಗಿ ಕೊಡೋ ಕೂಸಿನ್ನ ಇವತ್ತ ಯಾಕ ಹಚ್ಚಿಕೋತೀ?” ನೀವು ಮೂವರು ಹೆಣ್ಣುಮಕ್ಕಳನ್ನು ಹಚ್ಚಿಕೊಂಡೇ ಬೆಳೆಸಿದಿರಿ, ಮೂವರನ್ನೂ ಕೊಟ್ಟಿರಿ. ಅವರಲ್ಲೊಬ್ಬಳ ಮನೆಯಲ್ಲೇ ಈಗ ಕುಳಿತಿದ್ದೀರಿ.

ಬಂಡೆಮ್ಮ ಮೊದಲೆರಡು ದಿನ ಬಾಗಿಲು ಬಿಟ್ಟು ಕದಲಲಿಲ್ಲ. ನಿನ್ನೆ ಹಬ್ಬದ ಜೋಕಾಲಿ ಬಿಟ್ಟು ಇಳಿಯಲಿಲ್ಲ. ಶೇಂಗಾ ಉಂಡಿ ಐದು ತಿಂದಳು.

ನಾದಿನಿಗೆ ನನ್ನ ನೆನಪು ಹೇಳಿ, ಅವಳ ಮಕ್ಕಳಿಗೆ ಆಶೀರ್ವಾದ.

ನಿಮ್ಮ ಸೊಸೆ,
ವೃಂದಾ

ತಾ.ಕ.: ಒಂದು ಮಾತು ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ. ಮೊನ್ನೆ ಸಮಿತಿಯವರು ಮನೆ ನೋಡಲು ಬಂದಿದ್ದರು. ರಜೆ ಮುಗಿದ ಮೇಲೆ ಮಗುವಿನ ಜೊತೆ ಯಾರು ಎಂದಾಗ ನಾನು ತಡವರಿಸಿದೆ. ಮನೆಯಲ್ಲಿ ಎಷ್ಟು ಜನ ಎಂದು ಅವಳನ್ನೇ ಕೇಳಿದರು. ನಿಮ್ಮ ಮುಖವನ್ನೇ ಕಾಣದ ಹುಡುಗಿ ಹೇಳಿದಳು: “ನಾಕು ಮಂದಿ ಅದೀವ್ರಿ. ಅಜ್ಜಿ ಊರಿಗಿ ಹೋಗ್ಯಾಳ, ಬರ್ತಾಳ.” ಅವರು ನಾಲ್ಕು ಎಂದು ಬರೆದುಕೊಂಡು ನಿಮ್ಮ ಹೆಸರು ಕೇಳಿದರು, ಅಹಲ್ಯಾಬಾಯಿ ಎಂದೆ. ಹಗಲು ಮಗುವಿನ ಜೊತೆ ನೀವಿರುತ್ತೀರೆಂದು ಮುಂದಿನ ಬುಧವಾರ ನಿಮ್ಮ ಸಹಿಗೆ ಬರುತ್ತಾರೆ. ಮಂಗಳವಾರ ಬೆಳಿಗ್ಗೆ ನಿಮ್ಮ ಮಗ ಆದೋನಿಯಲ್ಲಿರುತ್ತಾರೆ. ಚೀಲ ಕಟ್ಟಿಡಿ.