ಬೆಣ್ಣೆ ಡಬ್ಬಿಯ ಹಿಂದಿನ ರಬ್ಬರ್ ರಿಂಗು

ಡ್ರೈವರಮ್ಮಾ,

ಬಸ್ ಡಿಪೋದಿಂದ ಬಂದವಳೇ ಮೊದಲು ಊಟ ಮಾಡು. ಅಡುಗೆ ಒಲೆಯ ಮೇಲಿದೆ, ತಣ್ಣಗಿದ್ದದ್ದನ್ನೇ ತಿನ್ನಬೇಡ. ನಿನ್ನ ಖಾಕಿ ಅಂಗಿಯ ಕಿತ್ತುಹೋಗಿದ್ದ ಗುಂಡಿ ಹೊಲಿದಿಟ್ಟಿದ್ದೇನೆ.

ಇನ್ನೊಂದು ವಿಷಯ, ಎದುರಿಗೆ ಹೇಳಲು ನಾಚಿಕೆ. ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಇದ್ದ ನಿನ್ನ ಪೊಟ್ಟಣವನ್ನು ನಾನು ಒಡೆದುಬಿಟ್ಟೆ. ಒಳಗೆ ಮೆತ್ತನೆಯದೊಂದು ರಿಂಗು ಇತ್ತು. ಹೊಲಿಗೆ ಮಿಷನ್ನಿನ ರಬ್ಬರ್ ರಿಂಗು ಸವೆದಿದೆ ಎಂದು ಗೊಣಗುತ್ತಿದ್ದೆನಲ್ಲ, ಅತ್ತೆಗೆಂದು ತಂದು ಬಚ್ಚಿಟ್ಟಿದ್ದಾಳೆ ಅಂದುಕೊಂಡೆ. ಎಷ್ಟು ಒತ್ತಿದರೂ ಅದು ಮಿಷನ್ನಿಗೆ ಕೂರಲಿಲ್ಲ. ನನ್ನ ಹೊಲಿಗೆ ಅಂಗಡಿ ಪಕ್ಕದ ಔಷಧಿ ಅಂಗಡಿಯವಳಿಗೆ ತೋರಿಸಿದರೆ ಅವಳು ನಕ್ಕು ನಕ್ಕು ಸುಸ್ತಾದಳು. "ಅಮ್ಮಾ, ಇದು ಸದ್ಯಕ್ಕೆ ಮಗು ಬೇಡ ಅನ್ನೋ ಹೆಂಗಸರು ಒಳಗೆ ಇಟ್ಕೊಳ್ಳೋ ರಿಂಗು. ಒಂದ್ಸಲ ಇಟ್ಕೊಂಡ್ರೆ ಮೂರು ವಾರ ಯೋಚನೇನೇ ಇಲ್ಲ" ಅಂದಳು.

ಮೊದಲು ನೀನು ದಿನಾ ನುಂಗುತ್ತಿದ್ದ ಮಾತ್ರೆಯೂ ಇದಕ್ಕೇ ಇರಬೇಕು. ಆಗ ಬೆಳಗಾದರೆ ನೀನು ವಾಕರಿಸುತ್ತಿದ್ದೆ. ನಾನೊಬ್ಬಳು ಹುಚ್ಚಿ, ಅದನ್ನು ನೋಡಿ ಕುಲಾವಿ ಹೊಲಿಯಲು ಬಟ್ಟೆ ಕತ್ತರಿಸಿದ್ದೆ. ಈಗ ವಾಕರಿಕೆ ಇಲ್ಲ, ತಲೆನೋವೆಂದು ಮುಸುಕು ಹೊದ್ದು ಮಲಗುವುದಿಲ್ಲ, ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತೀಯ. ಇದು ನಿನಗೆ ಹಿತವಾಗಿದೆ ಎಂದು ನನಗೆ ಯಾರೂ ಹೇಳಬೇಕಿಲ್ಲ.

ಹೊಸದನ್ನು ತಂದು ಬೆಣ್ಣೆ ಡಬ್ಬಿಯ ಮುಂದೆಯೇ ಇಟ್ಟಿದ್ದೇನೆ. ಇನ್ನು ಹಿಂದೆ ಬಚ್ಚಿಡಬೇಡ. ನನ್ನ ಮಿಷನ್ನಿಗೆ ಬೇಕಾದ ರಿಂಗು ಮಾತ್ರ ನಾಳೆ ಬರುವಾಗ ನೆನಪಿಟ್ಟು ತಾ.

ಮಗು ಯಾವಾಗ ಎಂದು ಈ ಮನೆಯಲ್ಲಿ ಇನ್ನು ಯಾರೂ ಕೇಳುವುದಿಲ್ಲ. ಕೇಳುತ್ತಿದ್ದವಳು ನಾನೊಬ್ಬಳೇ ತಾನೇ.