ಕನಸಿಗೆ ಬಾರದ ಗಂಡ

ಕರುಂಗು,
೧೪ ಮಾರ್ಚ್ ೧೯೮೯, ಮಂಗಳವಾರ

ಪ್ರೀತಿಯ ಮಗಳು ಅವೂರ್‌ಗೆ,

ನೀನು, ಅಳಿಯಂದಿರು, ಕೂಸು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳೂ ಸೇರಿದವು. ಉತ್ತರ ತಡವಾಯಿತು, ಬೈದುಕೋ. ಮೊಮ್ಮಗನನ್ನು ನೋಡಲು ಬಾರದಷ್ಟು ಕಲ್ಲುಮನಸ್ಸೇ ನಿನ್ನದು ಎಂದು ಕೇಳಿದ್ದೀಯ. ಕಲ್ಲಲ್ಲ ಮಗಳೇ. ನಿನ್ನ ಅಪ್ಪ ಇನ್ನೂ ನನ್ನ ಕನಸಿಗೆ ಬಂದಿಲ್ಲ, ಅಷ್ಟೇ.

ನಿನಗೆ ಗೊತ್ತಲ್ಲ, ಸತ್ತ ಗಂಡ ಕನಸಿನಲ್ಲಿ ಬಂದು ಪಕ್ಕದಲ್ಲಿ ಮಲಗಿ ಎದ್ದುಹೋದ ಮೇಲೆಯೇ ಹೆಂಡತಿಗೆ ಬಿಡುಗಡೆ. ಅಲ್ಲಿಯವರೆಗೆ ಯಾರ ಹೊಸ್ತಿಲನ್ನೂ ತುಳಿಯುವಂತಿಲ್ಲ. ಎಳೆಗೂಸಿನ ಮನೆಗೆ ಕಾಲಿಟ್ಟರೆ ಕೂಸು ಸೊರಗಿ ಸಾಯುತ್ತದಂತೆ. ಏಳು ತಿಂಗಳಿಂದ ನಿನ್ನ ಅಪ್ಪನ ಕಂದು ಕೋಟನ್ನು ಒಳಮೈ ಹೊರಗೆ ಮಾಡಿ ತೊಟ್ಟು ಕೂತಿದ್ದೇನೆ. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಾರೆ. ಎಲ್ಲರೂ ನನ್ನ ಕೈಯ ಉಗಾಲಿ ಮುದ್ದೆ ತಿಂದು ಹೊಗಳಿದವರೇ!

ಸೋಜಿಗವೆಂದರೆ, ನಿನ್ನ ಅಪ್ಪ ಉಳಿದವರಿಗೆಲ್ಲ ಕಾಣುತ್ತಾರೆ. ಮೀನು ಒಣಗಿಸುವ ಅದೇರೊಗೆ ಹಾಡಹಗಲೇ ಸರೋವರದ ದಡದಲ್ಲಿ ಬಲೆ ಮಡಚುತ್ತಾ ಕಂಡರಂತೆ. ಮೈಯೆಲ್ಲ ನೆನೆದಿತ್ತಂತೆ, ಒರೆಸಿಕೊಳ್ಳಲು ಬಟ್ಟೆ ಕೇಳಿದರಂತೆ. ಮೂವತ್ತು ವರ್ಷ ಬಟ್ಟೆ ಒಗೆದುಕೊಟ್ಟವಳು ನಾನು, ಕೇಳಿದ್ದು ಅವಳನ್ನು. ಹೊಟ್ಟೆ ಉರಿಯಿತು.

ನಿನ್ನ ಅಜ್ಜಿ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು, ಬಂದನೇ ಎಂದು ವಿಚಾರಿಸುತ್ತಾರೆ. ಹೋದ ವಾರ ತಡೆಯಲಾರದೆ ಹೌದೆಂದುಬಿಟ್ಟೆ. ಏನು ತೊಟ್ಟಿದ್ದ ಎಂದರು. ಕಂದು ಕೋಟು ಎಂದೆ. ಅಜ್ಜಿ ನನ್ನ ಕೊರಳಪಟ್ಟಿ ಮುಟ್ಟಿ ನೋಡಿದರು.

"ಕೋಟು ನಿನ್ ಮೈಮೇಲೇ ಇದೆಯಲ್ಲೇ, ಅಪೊಂಡಿ. ಸತ್ತೋನ ವಿಷ್ಯದಲ್ಲಿ ಸುಳ್ಳಾಡ್ಬೇಡ. ನಾವ್ ನಂಬ್ದಿದ್ರೂ ಅವ್ನು ಕೇಳಿಸ್ಕೊಂಡು ನಂಬ್ತಾನೆ."

ನನಗೆ ನಾಚಿಕೆಯಾಯಿತು. ಆದರೂ ಹೇಳುತ್ತೇನೆ, ಕೂಸನ್ನು ಒಮ್ಮೆ ಎದೆಗವಚಿಕೊಳ್ಳಲು ಇನ್ನೂ ನೂರು ಸುಳ್ಳು ಹೇಳುತ್ತಿದ್ದೆ. ಹಣೆ ಅಪ್ಪನದೇ, ಹೆಸರೂ ಅಪ್ಪನದೇ ಇಟ್ಟೆವು ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಬಾಣಂತಿ ನೀನು, ತಣ್ಣೀರಿಗೆ ಕೈಹಾಕಬೇಡ. ಬಿಸಿ ಗಂಜಿ ಕುಡಿ. ನಿನ್ನ ಎದೆಹಾಲು ಬತ್ತದಿರಲಿ, ಕೂಸು ನೂರು ಮಳೆಗಾಲ ಕಾಣಲಿ.

ನಿನ್ನ ಅಮ್ಮ,
ಅಪೊಂಡಿ

ಮತ್ತೆ: ಇದನ್ನು ಬರೆಯಬಾರದೆಂದೇ ಕಾಗದ ಮಡಚಿದ್ದೆ. ಭಾನುವಾರ ಮಧ್ಯಾಹ್ನ ಕಣಜದ ನೆರಳಲ್ಲಿ ಕಣ್ಣು ಹತ್ತಿತು. ಅವರು ಬಂದರು. ಪಕ್ಕದಲ್ಲಿ ಮಲಗಲಿಲ್ಲ, ಕೂರಲೂ ಇಲ್ಲ. "ನನ್ ಹೆಸರಿನ ಕೂಸೆಲ್ಲಿ? ಕರ್ಕೊಂಡ್ಹೋಗ್ತೀನಿ" ಎಂದರು. ದಾರಿ ತಪ್ಪಿಸಬೇಕೆಂದು, ಅದು ಹುಟ್ಟಿದ ದಿನವೇ ತೀರಿಹೋಯಿತು ಎಂದುಬಿಟ್ಟೆ. ಅವರು ತಲೆಯಾಡಿಸಿದರು.

"ಹಂಗಾದ್ರೆ ನಮ್ ಕಡೇನೇ ಇರ್ಬೇಕಲ್ಲ. ಇನ್ನೂ ಬಂದಿಲ್ಲ. ಹೋಗಿ ಕೇಳ್ತೀನಿ."

ಇವತ್ತಿಗೆ ಮೂರು ದಿನ. ಮಗಳೇ, ಬೇರೇನೂ ಬರೆಯಬೇಡ. ಕೂಸು ಹಾಲು ಕುಡಿಯುತ್ತಿದೆಯೇ, ಅದೊಂದನ್ನು ಬರೆ.