ಕಳಚದ ಕೈಗವಸು

ಮಾರ್ಚ್ ೧೪, ಗುರುವಾರ

ಬೆಳಗಿನಿಂದ ಆ ಪದಗಳೇ ಕಿವಿ ಕೊರೆಯುತ್ತಿವೆ: ಇಕ್ವಿಪ್ಡ್, ಸಪ್ಲೈಡ್, ಪ್ರೊವೈಡೆಡ್. ಆಸ್ಪತ್ರೆಯ ಬಟ್ಟೆ ಒಗೆಯುವ ನಮಗೆ ಬೇಕಾದ್ದೆಲ್ಲ ಕೊಟ್ಟಾಗಿದೆ ಎನ್ನಲು ಸಾಹೇಬರು ತಪಾಸಣೆಯವರ ಮುಂದೆ ಉದುರಿಸಿದ ಮುತ್ತುಗಳು. ಕೊಡುವುದು ಫೋಟೊ ತೆಗೆಯುವ ತನಕ. ಆಮೇಲೆ ಕೈಗವಸು ಕಳಚಿಸಿ ಬೀರುವಿಗೆ ಬೀಗ. ಹಾಸುಬಟ್ಟೆಯಲ್ಲಿ ಉಳಿದ ಸೂಜಿಗಳೆಲ್ಲ ನಮ್ಮ ಬರಿಗೈಗೆ.

ಇಂದೂ ಫೋಟೊ ಆಯಿತು. ಮೇಸ್ತ್ರಿ ಬುಟ್ಟಿ ಹಿಡಿದು ಬಂದ. "ಗ್ಲೌಸ್ ಬಿಚ್ರಮ್ಮ, ಬೇಗ ಬೇಗ!"

ಕಳೆದ ವಾರವಷ್ಟೇ ಹಾಸುಬಟ್ಟೆಯೊಳಗಿನ ಸೂಜಿ ಬೆರಳಿಗೆ ಚುಚ್ಚಿಸಿಕೊಂಡಿದ್ದ ನಮ್ಮ ಜೊತೆಗಾತಿ ಚಿಕ್ಕಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಇಕ್ವಿಪ್ಡ್ ಅಂದ್ರಲ್ಲಪ್ಪ ಸಾಹೇಬ್ರು? ಅವರ ಮಾತು ಸುಳ್ಳು ಮಾಡೋಕೆ ನನಗೆ ಮನಸ್ಸಿಲ್ಲ."

ನಾವೂ ಯಾರೂ ಬಿಚ್ಚಲಿಲ್ಲ. ಬುಟ್ಟಿ ಖಾಲಿಯೇ ಹೋಯಿತು. ನಾಳೆ ಕೆಲಸದಿಂದ ತೆಗೆಯುತ್ತಾರಂತೆ. ತೆಗೆಯಲಿ, ಎಲ್ಲರನ್ನೂ ತೆಗೆಯಬೇಕಾಗುತ್ತದೆ. ಇದನ್ನೂ ಕೈಗವಸು ತೊಟ್ಟೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ, ಇರಲಿ.